ರಕ್ತದೊಳಗಿನ ಜಿಡ್ಡು: ರೊಟ್ಟಿಯುಣ್ಣುವ ಮನೆಗಳಿಗೂ ಒಂದು ಎಚ್ಚರಿಕೆ

ಮಾನ್ವಿ ತಾಲೂಕಿನ ಕುರ್ಡಿ ಗ್ರಾಮದಲ್ಲಿ ನಮ್ಮ ಸಹಪಾಠಿಯೊಬ್ಬರಿದ್ದರು. ಮಠದ ಪ್ರಸಾದ ನಿಲಯದಲ್ಲಿ ನಾವಿಬ್ಬರೂ ಒಂದೇ ಪಂಕ್ತಿಯಲ್ಲಿ ಉಂಡವರು, ಒಂದೇ ದೀಪದ ಕೆಳಗೆ ಓದಿದವರು. ಮುಂದೆ ನಾವು ಶಾಸ್ತ್ರಾಧ್ಯಯನದಲ್ಲಿ ಉಳಿದೆವು. ಅವರು ಊರಿಗೆ ಮರಳಿ ಶಾಲಾ ಮಾಸ್ತರರಾದರು. ಕೃಶವಾದ ದೇಹ, ಮಿತವಾದ ಊಟ. ಮದ್ಯಮಾಂಸಗಳ ಸೋಂಕಿಲ್ಲ, ತಂಬಾಕನ್ನು ಮುಟ್ಟಿದವರಲ್ಲ. ಇಷ್ಟಲಿಂಗ ಪೂಜೆಯಾಗದೆ ಹನಿ ನೀರನ್ನೂ ಕುಡಿದವರಲ್ಲ. ಅಂಥವರಿಗೆ ಅರವತ್ತರ ಹೊಸ್ತಿಲಲ್ಲಿ ಎದೆನೋವು ಕಾಣಿಸಿಕೊಂಡಿತು. ವೈದ್ಯರು ರಕ್ತವನ್ನು ಪರೀಕ್ಷಿಸಿ, ಕೊಲೆಸ್ಟರಾಲ್ ಹೆಚ್ಚಾಗಿದೆಯೆಂದು ನಿತ್ಯ ರಾತ್ರಿ ಒಂದು ಮಾತ್ರೆ ಬರೆದುಕೊಟ್ಟರು. ಮಾಸ್ತರರು ಆರು ತಿಂಗಳು ಸೇವಿಸಿ, ನೋವು ಮರಳಿ ಬರಲಿಲ್ಲವೆಂದು ಬಿಟ್ಟುಬಿಟ್ಟರು.

ಆ ದಿನಗಳಲ್ಲೊಮ್ಮೆ ನಾವು ಅವರ ಮನೆಗೆ ಪ್ರಸಾದಕ್ಕೆಂದು ಹೋಗಿದ್ದೆವು. ಅವರ ಧರ್ಮಪತ್ನಿ, “ಗುಳಿಗಿ ಬಿಟ್ಟು ತಿಂಗಳಾತು. ನಮ್ಮ ಮಾತು ಕೇಳೂದಿಲ್ಲ. ನೀವರ ಒಂದು ಮಾತು ಹೇಳ್ರಿ ಅಯ್ಯನೋರ” ಎಂದರು. ನಾವು ನಕ್ಕು, “ರೊಟ್ಟಿ, ಪುಂಡಿಪಲ್ಯ ಉಣ್ಣುವವರಿಗೆ ಇಂಥ ರೋಗ ಎಲ್ಲಿಯದು ತಾಯಿ” ಎಂದೆವು. ಮಾಸ್ತರರಿಗೆ ಅಷ್ಟೇ ಬೇಕಾಗಿತ್ತು. ಮರುವರ್ಷದ ಬೇಸಿಗೆಯಲ್ಲಿ, ಒಂದು ನಸುಕಿನಲ್ಲಿ, ಅವರು ಹೃದಯಾಘಾತದಿಂದ ಲಿಂಗೈಕ್ಯರಾದರು.

ನಮ್ಮ ಆ ಒಂದು ಮಾತಿನಿಂದಲೇ ಹಾಗಾಯಿತೆಂದು ಯಾರೂ ಹೇಳಲಾರರು. ಆದರೂ ಅದು ಅರಿಯದೆ ಆಡಿದ ಮಾತು. ಹಿರಿಯರ ಬಾಯಿಂದ ಬಂದುದರಿಂದ ಪ್ರಮಾಣವಾಗಿ ಕುಳಿತ ಮಾತು. ಅದರ ಋಣ ಕಿಂಚಿತ್ತಾದರೂ ತೀರಲೆಂದು, ವೈದ್ಯಮಿತ್ರರಿಂದ ಕೇಳಿ, ಓದಿ ತಿಳಿದುದನ್ನು ವಾಚಕ ಬಂಧುಗಳ ಮುಂದೆ ನಿವೇದಿಸುತ್ತಿದ್ದೇವೆ.

ಕೊಲೆಸ್ಟರಾಲ್ ಎಂಬುದು ವಿಷವೇ?

ಅಲ್ಲ. ಅದು ಮೇಣದಂಥ ಒಂದು ಜಿಡ್ಡಿನ ಪದಾರ್ಥ. ನಮ್ಮ ಶರೀರದ ಪ್ರತಿಯೊಂದು ಜೀವಕೋಶದ ಹೊರಪೊರೆಗೂ ಅದು ಬೇಕು. ಜೀರ್ಣಕ್ಕೆ ನೆರವಾಗುವ ಪಿತ್ತರಸ, ಬಿಸಿಲಿನಿಂದ ಚರ್ಮದಲ್ಲಿ ಉಂಟಾಗುವ ಡಿ ಜೀವಸತ್ವ, ಸ್ತ್ರೀಪುರುಷರ ಹಾರ್ಮೋನುಗಳು ಇವೆಲ್ಲ ಅದರ ಮೂಲದಿಂದಲೇ ಸಿದ್ಧವಾಗುತ್ತವೆ. ಆದ್ದರಿಂದ ಶರೀರವು ಅದನ್ನು ಆಹಾರದ ದಾಕ್ಷಿಣ್ಯಕ್ಕೆ ಬಿಟ್ಟಿಲ್ಲ. ಹೆಚ್ಚಿನ ಪಾಲನ್ನು ಯಕೃತ್ತೇ ಮೊದಲ್ಗೊಂಡು ತನ್ನ ಅಂಗಗಳಲ್ಲಿಯೇ ತಯಾರಿಸಿಕೊಳ್ಳುತ್ತದೆ.

ಜಿಡ್ಡು ನೀರಿನಲ್ಲಿ ಬೆರೆಯದು, ರಕ್ತದಲ್ಲಿಯೂ ಬೆರೆಯದು. ಆದುದರಿಂದ ಅದು ಪ್ರೋಟೀನಿನ ಹೊದಿಕೆಯುಳ್ಳ ಸಣ್ಣ ಬಂಡಿಗಳಲ್ಲಿ ಸಂಚರಿಸುತ್ತದೆ. ಎಲ್.ಡಿ.ಎಲ್. ಎಂಬ ಬಂಡಿ ಕೊಲೆಸ್ಟರಾಲನ್ನು ಅಂಗಾಂಗಗಳಿಗೆ ಒಯ್ಯುತ್ತದೆ. ಎಚ್.ಡಿ.ಎಲ್. ಎಂಬುದು ಉಳಿದುದನ್ನು ಯಕೃತ್ತಿಗೆ ಮರಳಿ ತರುತ್ತದೆ. ಟ್ರೈಗ್ಲಿಸರೈಡ್ ಎಂಬುದು ಇನ್ನೊಂದು ಬಗೆಯ ಕೊಬ್ಬು. ಉಂಡು ಮಿಕ್ಕ ಶಕ್ತಿಯನ್ನು ಶರೀರ ಕೂಡಿಡುವ ರೂಪವಿದು.

ಕಾಲುವೆಯ ಹೂಳು

ನಮ್ಮ ಭಾಗದ ರೈತರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಕಷ್ಟ ಹೇಳಿಕೊಡಬೇಕಾಗಿಲ್ಲ. ಹೂಳು ತುಂಬಿದರೆ ಕೊನೆಯ ಭಾಗದ ಹೊಲಕ್ಕೆ ನೀರು ತಲುಪದು. ಎಲ್.ಡಿ.ಎಲ್. ಹೆಚ್ಚಾದಾಗ ಹೃದಯದ ರಕ್ತನಾಳಗಳಲ್ಲಿ ಆಗುವುದು ಹೆಚ್ಚುಕಡಿಮೆ ಇದೇ. ಆದರೆ ಹೋಲಿಕೆ ಪೂರ್ತಿ ಸರಿಯಲ್ಲ. ಈ ಹೂಳು ನಾಳದ ತಳದಲ್ಲಿ ನಿಲ್ಲದೆ ಗೋಡೆಯೊಳಗೇ ಸೇರುತ್ತದೆ. ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಬೆಳೆಯುತ್ತದೆ. ಒಂದು ದಿನ ಆ ಜಿಡ್ಡಿನ ಗಂಟು ಒಡೆದರೆ, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ಕೆಲವೇ ನಿಮಿಷಗಳಲ್ಲಿ ನಾಳ ಮುಚ್ಚಿಹೋಗುತ್ತದೆ. ಅದೇ ಹೃದಯಾಘಾತ, ಮಿದುಳಿನ ನಾಳದಲ್ಲಾದರೆ ಪಾರ್ಶ್ವವಾಯು. ಮಾಸ್ತರರಿಗೆ ನೋವು ನಿಂತಿತ್ತು, ಗಂಟು ನಿಂತಿರಲಿಲ್ಲ.

ಶಾಕಾಹಾರಿಗೆ ಏಕೆ ಬರುತ್ತದೆ?

ಕೊಲೆಸ್ಟರಾಲ್ ಇರುವುದು ಪ್ರಾಣಿಮೂಲದ ಆಹಾರದಲ್ಲಿ ಎಂಬುದು ನಿಜ. ಶೇಂಗಾ, ಕುಸುಬಿ, ಸೂರ್ಯಕಾಂತಿ ಯಾವ ಎಣ್ಣೆಯಲ್ಲಿಯೂ ಅದು ಲೆಕ್ಕಕ್ಕೆ ಬರುವಷ್ಟಿಲ್ಲ. ಅಂಗಡಿಯ ಡಬ್ಬಿಯ ಮೇಲೆ ‘ಕೊಲೆಸ್ಟರಾಲ್ ಇಲ್ಲ’ ಎಂದು ಬರೆದಿದ್ದರೆ ಅದು ಸುಳ್ಳಲ್ಲ. ಆದರೆ ಗಾಣದ ಎಣ್ಣೆಗೂ ಅದೇ ಮಾತು ಸಲ್ಲುತ್ತದೆ. ನೋಡಬೇಕಾದದ್ದು ಬೇರೆ. ತುಪ್ಪ, ಬೆಣ್ಣೆ, ಕೆನೆ, ತಾಳೆ ಎಣ್ಣೆ, ಕೊಬ್ಬರಿ ಎಣ್ಣೆಗಳಲ್ಲಿರುವ ಪರ್ಯಾಪ್ತ ಕೊಬ್ಬು ರಕ್ತದಲ್ಲಿ ಎಲ್.ಡಿ.ಎಲ್. ಏರುವಂತೆ ಮಾಡುತ್ತದೆ. ವನಸ್ಪತಿಯಲ್ಲಿದ್ದ ಟ್ರಾನ್ಸ್ ಕೊಬ್ಬು ಅದಕ್ಕಿಂತ ಕೆಟ್ಟದ್ದು, ಎಲ್.ಡಿ.ಎಲ್. ಏರಿಸಿ ಎಚ್.ಡಿ.ಎಲ್. ಇಳಿಸುತ್ತದೆ. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ, ವನಸ್ಪತಿಗಳಲ್ಲಿ ಅದು ಶೇ. 2ನ್ನು ಮೀರಬಾರದೆಂದು ಕಾನೂನಾಗಿದೆ. ಆದರೆ ಮಿರ್ಚಿ ಭಜಿಯ ಬಾಣಲೆಯಲ್ಲಿ ಮತ್ತೆ ಮತ್ತೆ ಕಾಯ್ದು ಕಪ್ಪಾದ ಎಣ್ಣೆಗೆ ಕಾವಲು ಕೂರುವವರಾರು? ಅಲ್ಲಿ ನಮ್ಮ ನಾಲಗೆಯ ನಿಗ್ರಹವೇ ಕಾವಲು.

ಇನ್ನೊಂದು ಕಾರಣ ಅನ್ನ, ಮೈದಾ, ಸಕ್ಕರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಮೇಲೆ ಜೋಳದ ಈ ಸೀಮೆಯಲ್ಲಿ ಭತ್ತದ ಗದ್ದೆಗಳಾದವು. ಬರದ ನಾಡಿಗೆ ಅದು ಭಾಗ್ಯವೇ ಸರಿ. ಆದರೆ ನಮ್ಮ ತಾಯಂದಿರು ಹಬ್ಬಕ್ಕೆ ಮಾತ್ರ ಮಾಡುತ್ತಿದ್ದ ಬಿಳಿ ಅನ್ನ ಇಂದು ಮೂರು ಹೊತ್ತಿನ ಊಟವಾಗಿದೆ. ಹೊಲಕ್ಕೆ ನಡೆದು ಹೋಗುತ್ತಿದ್ದ ಕಾಲುಗಳು ಮೋಟಾರು ಸೈಕಲ್ ಏರಿವೆ. ದುಡಿಮೆಯಿಲ್ಲದೆ ಉಂಡ ಪಿಷ್ಟವನ್ನು ಯಕೃತ್ತು ಟ್ರೈಗ್ಲಿಸರೈಡ್ ಆಗಿ ಮಾರ್ಪಡಿಸುತ್ತದೆ. ಅದು ಏರಿದಂತೆ ಎಚ್.ಡಿ.ಎಲ್. ಇಳಿಯುತ್ತದೆ.

ಇದು ನಮ್ಮ ದೇಶದವರಲ್ಲಿ ವಿಶೇಷವಾಗಿ ಕಾಣುವ ದೋಷ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯೊಂದು 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ಹೆಚ್ಚು ಕೊಲೆಸ್ಟರಾಲ್ ಇದ್ದವರು ಶೇ. 14ರಷ್ಟಾದರೆ, ಎಚ್.ಡಿ.ಎಲ್. ಕಡಿಮೆಯಿದ್ದವರು ಶೇ. 72. ಅದೇ ಸಮೀಕ್ಷೆ ದೇಶದ ಎಲ್ಲ ರಾಜ್ಯಗಳಿಗೆ ವಿಸ್ತರಿಸಿ 2023ರಲ್ಲಿ ಪ್ರಕಟವಾದಾಗ, ವಯಸ್ಕರಲ್ಲಿ ಶೇ. 81 ಜನರಿಗೆ ರಕ್ತದ ಕೊಬ್ಬಿನ ಯಾವುದಾದರೊಂದು ಏರುಪೇರು ಇರುವುದು ತಿಳಿದುಬಂದಿತು.

ವಂಶದಲ್ಲಿ ಬರುವ ದೋಷ

ಆಹಾರ ಎಷ್ಟೇ ಶುದ್ಧವಾಗಿದ್ದರೂ ಕೆಲವರಿಗೆ ಹುಟ್ಟಿನಿಂದಲೇ ಎಲ್.ಡಿ.ಎಲ್. ಹೆಚ್ಚಿರುತ್ತದೆ. ರಕ್ತದಿಂದ ಎಲ್.ಡಿ.ಎಲ್. ಬಂಡಿಯನ್ನು ಒಳಕ್ಕೆ ಎಳೆದುಕೊಳ್ಳುವ ಕೊಂಡಿಗಳು ಯಕೃತ್ತಿನ ಕೋಶಗಳ ಮೇಲಿವೆ. ಇವನ್ನು ಕಂಡುಹಿಡಿದ ಅಮೆರಿಕದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರ ನೊಬೆಲ್ ಪ್ರಶಸ್ತಿ ಸಂದಿತು. ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ತಂದೆಯಿಂದಲೋ ತಾಯಿಯಿಂದಲೋ ಬಂದ ದೋಷದಿಂದ ಈ ಕೊಂಡಿಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಇಂಥವರಿಗೆ ನಲವತ್ತು ಐವತ್ತರೊಳಗೇ ಹೃದಯಾಘಾತವಾಗುವ ಭಯವುಂಟು.

ಇಲ್ಲಿ ನಮ್ಮ ಮನೆಗಳು ಯೋಚಿಸಬೇಕಾದ ಒಂದು ಸಂಗತಿಯಿದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ನಮ್ಮಲ್ಲಿ ಹಳೆಯದು. ಒಂದೇ ವಂಶದ ದೋಷ ಗಂಡುಹೆಣ್ಣು ಇಬ್ಬರಲ್ಲಿಯೂ ಇದ್ದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ಎರಡೂ ಕಡೆಯ ದೋಷ ಕೂಡಿಬರುವ ಸಂಭವ ನಾಲ್ಕರಲ್ಲೊಂದು. ಅಂಥ ಮಕ್ಕಳಿಗೆ ಎಳವೆಯಲ್ಲಿಯೇ ಮೊಣಕೈ, ಮೊಣಕಾಲು, ಹಿಮ್ಮಡಿಯ ಬಳಿ ಹಳದಿ ಗಂಟುಗಳು ಏಳುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ಹರೆಯದಲ್ಲಿಯೇ ಹೃದಯ ಸೋಲುತ್ತದೆ. ಮನೆತನದಲ್ಲಿ ಎಳೆವಯಸ್ಸಿನ ಹೃದಯಾಘಾತಗಳಿದ್ದರೆ, ಒಳಸಂಬಂಧ ಗೊತ್ತುಮಾಡುವ ಮುನ್ನ ಎರಡೂ ಕಡೆಯವರ ರಕ್ತಪರೀಕ್ಷೆ ಮಾಡಿಸಿ, ವೈದ್ಯರ ಸಲಹೆ ಪಡೆಯಿರೆಂದು ನಮ್ಮ ವಿನಂತಿ.

ಪರೀಕ್ಷೆ ಮತ್ತು ಪಥ್ಯ

ಈ ದೋಷವು ಕಣ್ಣಿಗೆ ಕಾಣದು, ಮೈಗೆ ತಿಳಿಯದು. ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಮೊದಲ ಪರೀಕ್ಷೆ 18ನೆಯ ವಯಸ್ಸಿಗೇ ಆಗಲಿ, ವಂಶದಲ್ಲಿ ರೋಗವಿದ್ದರೆ ಅದಕ್ಕೂ ಮುಂಚೆ ಆಗಲಿ ಎಂದಿದೆ. 100 ಮಿಲಿಲೀಟರ್ ರಕ್ತದಲ್ಲಿ ಎಲ್.ಡಿ.ಎಲ್. 100 ಮಿಲಿಗ್ರಾಮಿನೊಳಗೆ, ಟ್ರೈಗ್ಲಿಸರೈಡ್ 150ರೊಳಗೆ ಇರಬೇಕು, ಎಚ್.ಡಿ.ಎಲ್. ಪುರುಷರಲ್ಲಿ 40, ಸ್ತ್ರೀಯರಲ್ಲಿ 50ಕ್ಕೆ ಕಡಿಮೆಯಿರಬಾರದು. ಒಮ್ಮೆ ಹೃದಯಾಘಾತವಾದವರಿಗೆ ಎಲ್.ಡಿ.ಎಲ್. 55ಕ್ಕಿಂತ ಕೆಳಗಿಳಿಯಬೇಕೆನ್ನುತ್ತಾರೆ.

ಪಥ್ಯಕ್ಕೆ ದೂರ ಹುಡುಕಬೇಕಾಗಿಲ್ಲ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಹೆಸರು, ಮಡಿಕೆ ಮುಂತಾದ ಕಾಳುಗಳು, ಮೆಂತ್ಯ, ಸೊಪ್ಪು, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ನಮ್ಮ ಹಿರಿಯರ ಬುತ್ತಿಯಲ್ಲೇ ಇದ್ದವು. ಕಾಳುಗಳ ನಾರು ಪಿತ್ತರಸದೊಡನೆ ಕೊಲೆಸ್ಟರಾಲನ್ನೂ ಹೊರಕ್ಕೆ ಒಯ್ಯುತ್ತದೆ. ತಲೆಗೆ ತಿಂಗಳಿಗೆ ಅರ್ಧ ಕಿಲೋ ಎಣ್ಣೆ ಸಾಕು. ನಿತ್ಯ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ದಾಸೋಹದಲ್ಲಿ ಹುಗ್ಗಿ, ಹೋಳಿಗೆ ಬಂದಾಗ ಪ್ರಸಾದವನ್ನು ಒಲ್ಲೆನೆನ್ನಬೇಕಾಗಿಲ್ಲ. ಅಲ್ಪವನ್ನೇ ನೀಡಿಸಿಕೊಂಡು ಶೇಷವುಳಿಯದಂತೆ ಸ್ವೀಕರಿಸಿದರೆ ಪ್ರಸಾದಕ್ಕೂ ಗೌರವ, ಹೃದಯಕ್ಕೂ ಹಿತ. ಬಡಿಸುವವರೂ ತುಪ್ಪ ಸುರಿಯುವುದನ್ನೇ ಭಕ್ತಿಯೆಂದು ಬಗೆಯದಿರಲಿ.

ಮಾತ್ರೆಯ ಮಾತು

ಪಥ್ಯದಿಂದಲೇ ಇಳಿಯದಿದ್ದರೆ ವೈದ್ಯರು ಸ್ಟ್ಯಾಟಿನ್ ಎಂಬ ಮಾತ್ರೆ ಕೊಡುತ್ತಾರೆ. ಇದರ ಮೂಲ ಅಕ್ಕಿಯ ಮೇಲೆ ಬೆಳೆದ ಒಂದು ಬೂಷ್ಟು. ಜಪಾನಿನ ಅಕಿರಾ ಎಂಡೊ ಸಾವಿರಾರು ಬೂಷ್ಟುಗಳನ್ನು ಪರೀಕ್ಷಿಸಿ 1973ರಲ್ಲಿ ಇದನ್ನು ಕಂಡುಕೊಂಡರು. ಹೃದ್ರೋಗವಿದ್ದ 4,444 ಜನರ ಮೇಲೆ ಸ್ಕ್ಯಾಂಡಿನೇವಿಯಾ ದೇಶಗಳಲ್ಲಿ ನಡೆದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಐದು ವರ್ಷಕ್ಕೂ ಮಿಕ್ಕಿದ ಆ ಅವಧಿಯಲ್ಲಿ ಮಾತ್ರೆ ಪಡೆಯದವರ ಗುಂಪಿನಲ್ಲಿ 256 ಜನರೂ ಪಡೆದವರ ಗುಂಪಿನಲ್ಲಿ 182 ಜನರೂ ಮರಣ ಹೊಂದಿದ್ದರು. ಮೈಕೈ ನೋವು ಮುಂತಾದ ತೊಂದರೆ ಕೆಲವರಿಗೆ ಆಗುವುದುಂಟು; ಆಗ ವೈದ್ಯರು ಪ್ರಮಾಣವನ್ನೋ ಔಷಧವನ್ನೋ ಬದಲಿಸುತ್ತಾರೆ. ತಾವಾಗಿ ನಿಲ್ಲಿಸುವುದು ಬೇಡ. ನಿಲ್ಲಿಸಿದ ಕೆಲವು ವಾರಗಳಲ್ಲಿ ಎಲ್.ಡಿ.ಎಲ್. ಮೊದಲಿನ ಮಟ್ಟಕ್ಕೇ ಏರುತ್ತದೆ.

ಎದೆಯ ನಡುವೆ ಭಾರ, ಎಡತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಕಂಡರೆ ‘ಗ್ಯಾಸು’ ಎಂದು ಸೋಡಾ ಕುಡಿದು ಮಲಗಬಾರದು. ನಟ ಪುನೀತ್ ರಾಜ್‌ಕುಮಾರ್ ಅವರು 2021ರಲ್ಲಿ 46ನೆಯ ವಯಸ್ಸಿಗೇ ಹೃದಯ ಸ್ತಂಭನದಿಂದ ಅಗಲಿದ ಬಳಿಕ, ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ 2023ರಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ಇದರಡಿ ತಾಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಮುಂದಿನ ಚಿಕಿತ್ಸೆಗೆ ನಮ್ಮ ಕಲ್ಯಾಣ ಕರ್ನಾಟಕದವರು ಈಗ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ. ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಕಲಬುರಗಿಯಲ್ಲಿಯೂ ಇದೆ.

ಮಾಸ್ತರರು ಲಿಂಗೈಕ್ಯರಾದ ಮೇಲೆ ಅವರ ಮಗನಿಗೆ ನಾವೇ ಒತ್ತಾಯಿಸಿ ರಕ್ತಪರೀಕ್ಷೆ ಮಾಡಿಸಿದೆವು. ಮೂವತ್ತೆಂಟರ ತರುಣ, ತಂದೆಯಂತೆಯೇ ಕೃಶಕಾಯ. ಎಲ್.ಡಿ.ಎಲ್. 190ನ್ನು ದಾಟಿತ್ತು. ಈಗ ನಿತ್ಯ ಮಾತ್ರೆ ತೆಗೆದುಕೊಳ್ಳುತ್ತಾನೆ. ಮೊನ್ನೆ ಕುರ್ಡಿಗೆ ಹೋದಾಗ ಕಂಡೆವು: ಆ ತಾಯಿ ಮಾತ್ರೆಯ ಹಾಳೆಯನ್ನು ದೇವರ ಜಗುಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಇರಿಸಿದ್ದಾರೆ. ಸಂಜೆಯ ಪೂಜೆ ಮುಗಿಸಿ ಏಳುವಾಗ ಮಗನ ಕೈ ತಾನಾಗಿ ಅತ್ತ ಹೋಗುತ್ತದೆ. ಈ ಸಲ ಅವರು ನಮ್ಮನ್ನು ಏನೂ ಕೇಳಲಿಲ್ಲ. ನಾವೇ ಹೇಳಿದೆವು, “ಇದನ್ನು ಬಿಡಿಸಬೇಡಿರಿ ತಾಯಿ.”