ಅಗ್ಗದ ಟಿಕೆಟ್ಟು ಮತ್ತು ನೂರೆಂಬತ್ತನೇ ದಿನ

ರಜೆ ಮುಗಿಸಿ ಶಾರ್ಜಾಕ್ಕೆ ಹೊರಡುವ ದಿನ ಕುಂದಾಪುರದ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕೆಲಸ ಕೊಕ್ಕೆ ತಕ್ಕಡಿಗೆ. ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಕುಚ್ಚಲಕ್ಕಿ ಎಲ್ಲ ಸೇರಿ ಪ್ರತಿ ಪೆಟ್ಟಿಗೆಯೂ ಒಂದೆರಡು ಕಿಲೋ ಹೆಚ್ಚೇ ತೂಗುತ್ತದೆ. ಹೆಚ್ಚಾದ ಪ್ರತಿ ಕಿಲೋಗೂ ಕೌಂಟರಿನಲ್ಲಿ ದುಡ್ಡು ಎಣಿಸಬೇಕು. ಹಾಗಾಗಿ ತೆಗೆಯುವುದು, ತುಂಬುವುದು, ಮತ್ತೆ ತೂಗುವುದು. ಅಗ್ಗದ ದರದ ವಿಮಾನದಲ್ಲಿ ಓಡಾಡುವ ಗಲ್ಫ್ ಕನ್ನಡಿಗರ ಮನೆಗಳಲ್ಲಿ ಇದು ವರ್ಷವರ್ಷವೂ ನಡೆಯುವ ನಾಟಕ.

2025ರ ಆಗಸ್ಟ್ 23, ಶನಿವಾರ. ನಾವು ಗಂಡ ಹೆಂಡತಿ, ಇಬ್ಬರು ಮಕ್ಕಳು ಸುರಿಯುವ ಮಳೆಯಲ್ಲೇ ಹೊರಟು ಸಂಜೆ ಐದಕ್ಕೆ ಬಜ್ಪೆ ತಲುಪಿದೆವು. ರಾತ್ರಿ 8.15ಕ್ಕೆ ದುಬೈ ವಿಮಾನ. ಸೋಮವಾರ ಮಕ್ಕಳ ಶಾಲೆ ಶುರು, ನಮ್ಮ ಆಫೀಸೂ ಶುರು. ಸರದಿ ಬಂದಾಗ ಕೌಂಟರಿನ ಹುಡುಗಿ ತಣ್ಣಗೆ ಹೇಳಿದಳು, "ಸರ್, ಫ್ಲೈಟ್ ನಾಳೆ ಬೆಳಿಗ್ಗೆ ಏಳೂವರೆಗೆ. ಮೆಸೇಜ್ ಬರಲಿಲ್ವಾ?"

ನಮಗೆ ಬಂದಿರಲಿಲ್ಲ. ಬಂದದ್ದು ಟಿಕೆಟ್ ಮಾಡಿಕೊಟ್ಟ ಏಜೆಂಟರ ಫೋನಿಗೆ, ಮಧ್ಯಾಹ್ನ ಮೂರೂವರೆಗೆ. ಬುಕಿಂಗ್ ಮಾಡುವಾಗ ಅವರು ತಮ್ಮದೇ ನಂಬರು ಹಾಕಿದ್ದರು. ಆ ದಿನ ಅವರ ಅಂಗಡಿಗೆ ಅರ್ಧ ದಿನ ರಜೆ.

ಒಂದು ದಿನದ ಬೆಲೆ

ನಮಗೆ ಆದ ನಷ್ಟ ದೊಡ್ಡದಲ್ಲ. ಒಂದು ರಾತ್ರಿಯ ನಿದ್ದೆ, ಭಾನುವಾರದ ಅರ್ಧ ದಿನ, ಅಷ್ಟೇ. ಆದರೆ ನಮ್ಮ ಮುಂದೆ ನಿಂತಿದ್ದ ಯುವಕ ಕೌಂಟರು ಬಿಟ್ಟು ಕದಲಲಿಲ್ಲ. ಬೆಳ್ತಂಗಡಿ ಕಡೆಯವನು. ದುಬೈಯಲ್ಲಿ ಎ.ಸಿ. ಡಕ್ಟ್ ಹಾಕುವ ಕೆಲಸ. ಒಂದು ತಿಂಗಳ ರಜೆಗೆಂದು ಫೆಬ್ರವರಿಯಲ್ಲಿ ಬಂದವನು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ರಾಡ್ ಹಾಕಿ, ಮಲಗಿ, ಎದ್ದು, ನಡೆಯಲು ಕಲಿಯುವಷ್ಟರಲ್ಲಿ ಆಗಸ್ಟ್ ಬಂದಿತ್ತು. ಕಂಪನಿಯವರು ಕೆಲಸ ಉಳಿಸಿಟ್ಟಿದ್ದರು. ಆರು ತಿಂಗಳೊಳಗೆ ಬಂದರೆ ಸಾಕು ಎಂದಿದ್ದರು.

"ಇವತ್ತು ಇಪ್ಪತ್ತಮೂರು. ನಾನು ಬಂದದ್ದು ಫೆಬ್ರವರಿ ಇಪ್ಪತ್ತನಾಲ್ಕಕ್ಕೆ. ನಾಳೆಗೆ ಆರು ತಿಂಗಳು. ನಾಳೆ ಬೆಳಿಗ್ಗೆ ಹೋದರೂ ಆಗ್ತದಲ್ವಾ ಅಣ್ಣ?" ಎಂದು ನಮ್ಮತ್ತ ತಿರುಗಿ ಕೇಳಿದ.

ಯುಎಇಯ ಸಾಮಾನ್ಯ ಉದ್ಯೋಗ ವೀಸಾ ಇರುವವರು ಸತತ 180 ದಿನಕ್ಕಿಂತ ಹೆಚ್ಚು ದೇಶದ ಹೊರಗೆ ಉಳಿದರೆ ಆ ವೀಸಾ ರದ್ದಾಗುತ್ತದೆ. ಊರಲ್ಲಿ ಎಲ್ಲರ ಬಾಯಲ್ಲೂ ಅದು "ಆರು ತಿಂಗಳು". ಆದರೆ ಲೆಕ್ಕ ತಿಂಗಳಿನದಲ್ಲ, ದಿನದ್ದು. ಪಾಸ್‌ಪೋರ್ಟ್ ತೆರೆದು ಮುದ್ರೆ ನೋಡಿ, ಬೋರ್ಡಿಂಗ್ ಪಾಸ್ ಸಿಗದ ನಮ್ಮ ಟಿಕೆಟ್ ಪ್ರಿಂಟಿನ ಹಿಂಬದಿಯಲ್ಲೇ ಬರೆದು ಕೂಡಿಸಿದೆವು. ಫೆಬ್ರವರಿಯಲ್ಲಿ ಉಳಿದದ್ದು 4, ಮಾರ್ಚ್ 31, ಏಪ್ರಿಲ್ 30, ಮೇ 31, ಜೂನ್ 30, ಜುಲೈ 31, ಆಗಸ್ಟ್ 23. ಒಟ್ಟು 180. ನಮ್ಮ ಲೆಕ್ಕದಲ್ಲಿ ಆ ಶನಿವಾರವೇ ಕೊನೆಯ ದಿನ.

ಇಪ್ಪತ್ತು ವರ್ಷದಿಂದ ಬೇರೆಯವರ ಲೆಕ್ಕ ನೋಡುವುದೇ ನಮ್ಮ ಕಸುಬು. ಒಂದು ಅಂಕಿ ತಪ್ಪಿದರೆ ದಂಡ ಕಟ್ಟಿ ಸರಿಪಡಿಸಬಹುದು. ಇಲ್ಲಿ ಒಂದು ದಿನ ತಪ್ಪಿದರೆ ಒಬ್ಬನ ಅನ್ನದ ಪ್ರಶ್ನೆ. ದಿನ ಮೀರಿದವರು ಸೂಕ್ತ ಕಾರಣ ತೋರಿಸಿ ಮರುಪ್ರವೇಶದ ಅನುಮತಿ ಕೇಳುವ ದಾರಿ ಈಗ ಉಂಟು, ನಿಜ. ಆದರೆ ಅದಕ್ಕೆ ಶುಲ್ಕ, ದಾಖಲೆ, ಕಾಯುವಿಕೆ ಎಲ್ಲ ಬೇಕು. ಆರು ತಿಂಗಳು ಸಂಬಳವಿಲ್ಲದೆ ಕೂತವನಿಗೆ ಅದೂ ಭಾರವೇ.

ದಾರಿ ತೋರಿಸಿದ್ದು ಮನೆಯಾಕೆ. ನಾವು ಲೆಕ್ಕ ಬರೆಯುತ್ತಿದ್ದಾಗ ಆಕೆ ತಲೆಯೆತ್ತಿ ಫಲಕ ನೋಡುತ್ತಿದ್ದಳು. "ಅಬುಧಾಬಿಗೆ ಒಂಬತ್ತು ಗಂಟೆಗೆ ಇವರದ್ದೇ ಫ್ಲೈಟ್ ಉಂಟಲ್ಲ? ದುಬೈಗೇ ಹೋಗ್ಬೇಕು ಅಂತ ಎಲ್ಲಿದೆ? ದೇಶದ ಒಳಗೆ ಹೋದರೆ ಆಯ್ತಲ್ಲ?"

ಒಂಬತ್ತಕ್ಕೆ ಹೊರಟರೆ ನಮ್ಮ ಸಮಯ ರಾತ್ರಿ ಹನ್ನೆರಡೂವರೆಗೆ, ಅಂದರೆ ಅಲ್ಲಿಯ ಹನ್ನೊಂದಕ್ಕೆ ಇಳಿಯುತ್ತದೆ. ಒಂದೂವರೆ ಗಂಟೆಯ ಸಮಯದ ವ್ಯತ್ಯಾಸ ಅವನಿಗೆ ಆ ದಿನ ವರವಾಗಿತ್ತು. ಕೌಂಟರಿನ ಹುಡುಗಿಗೆ 180ರ ಲೆಕ್ಕದ ಚೀಟಿ ತೋರಿಸಿದೆವು. ಮೊದಲು ಆಗುವುದಿಲ್ಲ ಎಂದಳು. ಪಾಸ್‌ಪೋರ್ಟಿನ ಮುದ್ರೆಯನ್ನು ತಾನೇ ನೋಡಿದ ಮೇಲೆ ಎದ್ದು ಒಳಗೆ ಹೋದಳು. ಮೇಲಿನವರಿಗೆ ಫೋನು, ಅವರಿಂದ ಇನ್ನೆಲ್ಲಿಗೋ ಫೋನು. ಅಬುಧಾಬಿ ವಿಮಾನದಲ್ಲಿ ಎರಡು ಸೀಟು ಖಾಲಿ ಇದ್ದವು. ಏಳೂಕಾಲಿಗೆ ಅವನ ಕೈಗೆ ಬೋರ್ಡಿಂಗ್ ಪಾಸ್ ಬಂತು. ಹೆಚ್ಚಿನ ದುಡ್ಡು ಕೇಳಲಿಲ್ಲ. ಕುಂಟುತ್ತಾ ಇಮಿಗ್ರೇಷನ್ ಕಡೆ ಹೋಗುವಾಗ ಅವನು ಎರಡು ಸಲ ತಿರುಗಿ ನೋಡಿದ.

ಅಗ್ಗ ಹೇಗೆ ಆಗುತ್ತದೆ?

ಆ ರಾತ್ರಿ ಸಾಲಿನಲ್ಲಿದ್ದ ಅನೇಕರು ಕಂಪನಿಗೆ ಹಿಡಿ ಶಾಪ ಹಾಕಿದರು. ನಾವೂ ಸ್ವಲ್ಪ ಹಾಕಿದೆವು. ಆದರೆ ಈ ವಿಮಾನಗಳ ಲೆಕ್ಕ ತಿಳಿದುಕೊಂಡರೆ ತಡ ಏಕೆ ಆಗುತ್ತದೆ ಎಂಬುದೂ ತಿಳಿಯುತ್ತದೆ.

ಅಮೆರಿಕದ ಟೆಕ್ಸಾಸ್‌ನಲ್ಲಿ 1971ರಲ್ಲಿ ಹಾರಾಟ ಶುರು ಮಾಡಿದ ಸೌತ್‌ವೆಸ್ಟ್ ಕಂಪನಿ ಈ ಕ್ರಮಕ್ಕೆ ಮಾದರಿ. ಒಂದೇ ಬಗೆಯ ವಿಮಾನ, ಇಳಿದ ಕೂಡಲೇ ಮತ್ತೆ ಹಾರಾಟ, ಬೇಡದ ಸೌಕರ್ಯಕ್ಕೆ ಕತ್ತರಿ. ಭಾರತದಲ್ಲಿ ಇದನ್ನು 2003ರಲ್ಲಿ ತಂದವರು ನಮ್ಮ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್, ಏರ್ ಡೆಕ್ಕನ್ ಮೂಲಕ. ವಿಮಾನ ನೆಲದಲ್ಲಿ ನಿಂತಷ್ಟು ಹೊತ್ತು ಖರ್ಚು, ಹಾರಿದಷ್ಟು ಹೊತ್ತು ಆದಾಯ ಎಂಬುದು ಇದರ ಮೂಲ ಸೂತ್ರ. ಒಂದೇ ವಿಮಾನ ದಿನವಿಡೀ ಊರಿಂದೂರಿಗೆ ಓಡುತ್ತಿರುತ್ತದೆ. ಬೆಳಿಗ್ಗೆ ಎಲ್ಲೋ ಮೂರು ಗಂಟೆ ತಡವಾದರೆ ಅದು ಸಂಜೆಯವರೆಗೂ ಬೆಳೆಯುತ್ತಾ ಹೋಗುತ್ತದೆ. ಸಣ್ಣ ನಿಲ್ದಾಣದಲ್ಲಿ ಬದಲಿ ವಿಮಾನ ಕಾದು ನಿಂತಿರುವುದಿಲ್ಲ. ಬೇರೆ ಕಂಪನಿಯ ವಿಮಾನಕ್ಕೆ ಪ್ರಯಾಣಿಕರನ್ನು ದಾಟಿಸುವ ಒಪ್ಪಂದವೂ ಸಾಮಾನ್ಯವಾಗಿ ಇರುವುದಿಲ್ಲ. ಬಜ್ಪೆಯದು ಗುಡ್ಡದ ಮೇಲಿನ ರನ್‌ವೇ. ಮಳೆಗಾಲದಲ್ಲಿ ಮೋಡ ಮುಸುಕಿದರೆ ವಿಮಾನ ಬೇರೆ ಊರಿಗೆ ತಿರುಗುವುದೂ ಉಂಟು.

ಹಾಗೆಂದು ಅಗ್ಗದ ವಿಮಾನವನ್ನು ಹಳಿಯಲು ಮನಸ್ಸು ಬರುವುದಿಲ್ಲ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೆ ಮೊದಲು ನಮ್ಮ ಮಾವ ಗಲ್ಫಿಗೆ ಹೋಗುವಾಗ ಬಸ್ಸಿನಲ್ಲಿ ಮುಂಬಯಿಗೆ ಹೋಗಿ, ಅಲ್ಲಿ ಪರಿಚಯದವರ ಕೋಣೆಯಲ್ಲಿ ಉಳಿದು ವಿಮಾನ ಹತ್ತುತ್ತಿದ್ದರು. ಎರಡು ಮೂರು ವರ್ಷಕ್ಕೊಮ್ಮೆ ಊರು ಕಂಡರೆ ಪುಣ್ಯ. ಇಂದು ಕಟ್ಟಡ ಕೆಲಸದ ಹುಡುಗನೂ ತಂಗಿಯ ಮದುವೆಗೆ ಮೂರು ದಿನ ಬಂದು ಹೋಗುತ್ತಾನೆ. ಅದು ಸಾಧ್ಯವಾದದ್ದು ಈ ಟಿಕೆಟ್ಟಿನಿಂದಲೇ.

ನಾವು ಹೇಳುವುದು ಇಷ್ಟೇ. ಟಿಕೆಟ್ಟಿನ ದರ ಬೇರೆ, ಪ್ರಯಾಣದ ವೆಚ್ಚ ಬೇರೆ. ಬೆಂಗಳೂರಿನ ಮೇಲೆ ದೊಡ್ಡ ಕಂಪನಿಯ ವಿಮಾನದಲ್ಲಿ ಬಂದಿದ್ದರೆ ನಾಲ್ವರಿಗೆ ಆಗುತ್ತಿದ್ದ ಖರ್ಚಿಗಿಂತ ನಮಗೆ ಸುಮಾರು 2,300 ದಿರ್ಹಂ ಉಳಿದಿತ್ತು. ಲಗೇಜು, ಸೀಟು, ಊಟ ಸೇರಿಸಿದರೂ ಉಳಿತಾಯವೇ. ನಮಗೆ ಒಂದು ದಿನ ತಡವಾದರೆ ನಡೆಯುತ್ತಿತ್ತು, ಹಾಗಾಗಿ ಆ ಲೆಕ್ಕ ಸರಿ. ಆ ಹುಡುಗನಿಗೆ ಒಂದು ದಿನ ತಡವಾದರೆ ನಡೆಯುತ್ತಿರಲಿಲ್ಲ. ಅವನು ಅದೇ ಅಗ್ಗದ ಟಿಕೆಟ್ಟನ್ನು ಒಂದು ವಾರ ಮೊದಲಿನ ದಿನಕ್ಕೆ ತೆಗೆಯಬೇಕಿತ್ತು. ಕೊನೆಯ ದಿನಕ್ಕೆ ತೆಗೆದ ಟಿಕೆಟ್ ಎಷ್ಟು ಅಗ್ಗವಾದರೂ ದುಬಾರಿಯೇ.

ಕೇಳಿದರೆ ಸಿಗುವುದು

ಅವನನ್ನು ಕಳಿಸಿದ ಮೇಲೆ ನಮ್ಮ ಸರದಿ. ಮೊದಲು ಬಂದದ್ದು ಬಿಸ್ಕತ್ತು, ನೀರು. ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ನಿಯಮದಲ್ಲಿ ಇದಕ್ಕೆಲ್ಲ ಲೆಕ್ಕ ಇದೆ. ಎರಡೂವರೆಯಿಂದ ಐದು ಗಂಟೆಯ ಹಾರಾಟ ಮೂರು ಗಂಟೆ ಅಥವಾ ಹೆಚ್ಚು ತಡವಾದರೆ, ಸಮಯಕ್ಕೆ ಚೆಕ್‌ಇನ್‌ಗೆ ಬಂದವರಿಗೆ ಕಂಪನಿ ಊಟ ತಿಂಡಿ ಕೊಡಬೇಕು. ಮಂಗಳೂರು–ದುಬೈ ಈ ಗುಂಪಿನದು. ರಾತ್ರಿ 8ರಿಂದ ಬೆಳಗಿನ ಜಾವ 3ರ ನಡುವೆ ಹೊರಡಬೇಕಾದ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾದರೆ ಉಳಿಯಲು ಹೋಟೆಲ್ ವ್ಯವಸ್ಥೆಯನ್ನೂ ಮಾಡಬೇಕು. ನಮ್ಮದು 8.15. ಹದಿನೈದು ನಿಮಿಷದಿಂದ ನಾವು ಆ ನಿಯಮದೊಳಗೆ ಬಂದಿದ್ದೆವು. ಜಗಳ ಮಾಡಲಿಲ್ಲ, ನಿಯಮ ಹೇಳಿದೆವು. ಒಂದು ಗಂಟೆಯ ಬಳಿಕ ಮಕ್ಕಳಿದ್ದವರನ್ನು, ವಯಸ್ಸಾದವರನ್ನು ಮೊದಲು ಕರೆದುಕೊಂಡು ಬಸ್ಸು ಹೋಟೆಲಿಗೆ ಹೊರಟಿತು.

ಮಳೆ, ಗಾಳಿ, ಭದ್ರತೆಯಂಥ ಕಂಪನಿಯ ಕೈಮೀರಿದ ಕಾರಣಗಳಿದ್ದರೆ ಹಣದ ಪರಿಹಾರ ಸಿಗುವುದಿಲ್ಲ. ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿಲ್ಲ. ಬುಕಿಂಗ್ ಮಾಡುವಾಗ ಪ್ರಯಾಣಿಕರು ತಮ್ಮನ್ನು ಸಂಪರ್ಕಿಸುವ ಸರಿಯಾದ ವಿವರ ಕೊಟ್ಟಿರದಿದ್ದರೆ ಪರಿಹಾರ ಕೊಡಬೇಕಾಗಿಲ್ಲ ಎಂದೂ ಅದೇ ನಿಯಮ ಹೇಳುತ್ತದೆ. ಏಜೆಂಟರ ನಂಬರು ಹಾಕಿದ ಟಿಕೆಟ್ಟಿಗೆ ಅದೇ ದೊಡ್ಡ ತೂತು.

ಟಿಕೆಟ್ ರದ್ದು ಮಾಡಿದರೆ, ಹೋಗದೆ ಉಳಿದರೆ ಮೂಲ ದರ ಕೈಬಿಟ್ಟು ಹೋಗಬಹುದು. ಆದರೆ ಸರಕಾರಿ ತೆರಿಗೆ, ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ವಾಪಸ್ ಕೊಡಲೇಬೇಕು. ಕೇಳದವರೇ ಹೆಚ್ಚು. ಪೆಟ್ಟಿಗೆ ಒಡೆದು ಬಂದರೆ ನಿಲ್ದಾಣದಿಂದ ಹೊರಬೀಳುವ ಮೊದಲೇ ದೂರು ಬರೆಸಿ. ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಹಾನಿಗೆ ಏಳು ದಿನದೊಳಗೆ, ಪೆಟ್ಟಿಗೆ ತಡವಾಗಿ ಬಂದರೆ ಅದು ಕೈಸೇರಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು ಎಂಬುದು ಮಾಂಟ್ರಿಯಲ್ ಒಪ್ಪಂದದ ಕಟ್ಟಳೆ. ಕಂಪನಿ ಓಗೊಡದಿದ್ದರೆ ಕೇಂದ್ರ ಸರಕಾರದ ಏರ್‌ಸೇವಾದಲ್ಲಿ ದೂರು ದಾಖಲಿಸಬಹುದು. ಎಲ್ಲಕ್ಕಿಂತ ಮೊದಲು, ವಿಮಾನ ಎಷ್ಟು ತಡವಾಯಿತು ಎಂಬುದನ್ನು ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಆಫೀಸಿಗೆ, ವಿಮೆಗೆ, ವೀಸಾ ಕೆಲಸಕ್ಕೆ ಆ ಒಂದು ಹಾಳೆಯೇ ಸಾಕ್ಷಿ.

ಊರಲ್ಲಿರುವ ಮನೆಯವರಿಗೆ

ನಿಮ್ಮ ಮಗನೋ ಗಂಡನೋ ರಜೆಗೆ ಬಂದ ದಿನವೇ ಪಾಸ್‌ಪೋರ್ಟಿನ ಮುದ್ರೆ ನೋಡಿ, 180ನೇ ದಿನ ಯಾವುದೆಂದು ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕಾಯಿಲೆ, ಅಪಘಾತ ಹೇಳಿಕೇಳಿ ಬರುವುದಿಲ್ಲ. ಟಿಕೆಟ್ ಮಾಡಿಸುವಾಗ ಪ್ರಯಾಣಿಕನ ಫೋನ್ ನಂಬರನ್ನೇ ಹಾಕಿಸಿ. ಅಲ್ಲಿಯ ಸಿಮ್ ಊರಲ್ಲಿ ಬಂದ್ ಆಗಿದ್ದರೆ ಮನೆಯ ನಂಬರು ಕೊಡಿ. ಪೂಜೆ, ಮದುವೆ, ಗೃಹಪ್ರವೇಶಕ್ಕೆ ಅದೇ ದಿನ ಬೆಳಿಗ್ಗೆ ಇಳಿಯುವ ವಿಮಾನವನ್ನು ನಂಬಿಕೊಂಡು ಮುಹೂರ್ತ ಇಡಬೇಡಿ. ತಡವಾಗಿ ಬಂದವನನ್ನು ಬಾಗಿಲಲ್ಲೇ ಬೈಯಲೂ ಬೇಡಿ. ಅವನು ನಿಲ್ದಾಣದ ನೆಲದ ಮೇಲೆ ರಾತ್ರಿ ಕಳೆದು ಬಂದಿರುತ್ತಾನೆ.

ಆ ರಾತ್ರಿ ಹೋಟೆಲಿನಲ್ಲಿ ಮಕ್ಕಳು ಮಲಗಿದ್ದರು, ನಮಗೆ ನಿದ್ದೆ ಬಂದಿರಲಿಲ್ಲ. ಒಂದು ಗಂಟೆ ದಾಟಿ ಐದು ನಿಮಿಷಕ್ಕೆ ಫೋನು ಮಿಣುಕಿತು. ಅಲ್ಲಿ ಆಗ 11.35. "ಒಳಗೆ ಬಂದೆ ಅಣ್ಣ. ಅಕ್ಕನಿಗೆ ಹೇಳಿ." ಆಕೆಗೆ ಹೇಳಿದೆವು. ಏನೂ ಹೇಳದೆ ಮಗ್ಗುಲು ಬದಲಿಸಿ ನಿದ್ದೆ ಹೋದಳು.

ನಾವು ಮರುದಿನ ಮಧ್ಯಾಹ್ನದ ಹೊತ್ತಿಗೆ ಶಾರ್ಜಾದ ಮನೆ ಸೇರಿದೆವು. ಪೆಟ್ಟಿಗೆ ಬಿಚ್ಚಿದರೆ ಹಪ್ಪಳ ಪುಡಿಯಾಗಿರಲಿಲ್ಲ. ಮುಂದಿನ ರಜೆಗೂ ಅದೇ ಅಗ್ಗದ ವಿಮಾನದಲ್ಲೇ ಟಿಕೆಟ್ ತೆಗೆದಿದ್ದೇವೆ. ಈ ಸಲ ಎರಡೇ ಬದಲಾವಣೆ. ಬುಕಿಂಗಿನಲ್ಲಿ ನಮ್ಮದೇ ನಂಬರು ಇದೆ. ವಾಪಸ್ ಬರುವುದು ಶಾಲೆ ಶುರುವಾಗುವ ನಾಲ್ಕು ದಿನ ಮೊದಲು. ಅಮ್ಮನಿಗೆ ಹೇಳಿದಾಗ, "ನಾಲ್ಕು ದಿನ ಮೊದಲೇ ಹೋಗ್ತೀರಾ?" ಎಂದು ಬೇಸರ ಮಾಡಿಕೊಂಡರು. ಆ ನಾಲ್ಕು ದಿನದ ಬೆಲೆಯನ್ನು ಯಾವ ಕಲಮಿನಲ್ಲಿ ಬರೆಯುವುದೆಂದು ನಮಗೂ ಹೊಳೆದಿಲ್ಲ.