ಮನೆಯಲ್ಲಿ ಕಲಿಯುವ ಮಗುವಿನ ಗಟ್ಟಿ ಓದು: ಡಿಸ್ಲೆಕ್ಸಿಯಾ, ಒತ್ತಕ್ಷರ ಮತ್ತು ಸೊಲ್ಲಾಪುರ–ಅಕ್ಕಲಕೋಟೆಯ ಕನ್ನಡ

ಇದು ಶಿಕ್ಷಣಶಾಸ್ತ್ರದ ವಿಷಯ, ಕನ್ನಡ ಎಂ.ಎ. ವಿದ್ಯಾರ್ಥಿಗೆ ಇಲ್ಲೇನು ಕೆಲಸ ಅಂತ ಕೆಲವರಿಗೆ ಅನಿಸಬಹುದು. ನನ್ನ ವಾದ ಇಷ್ಟೇ: ಡಿಸ್ಲೆಕ್ಸಿಯಾ ಇರುವ ಮಗು ನಮ್ಮ ಗಡಿಭಾಗದಲ್ಲಿ ಗಟ್ಟಿಯಾಗಿ ಓದುವಾಗ ನಾವು ‘ತಪ್ಪು’ ಅಂತ ಗುರುತು ಹಾಕುವುದರಲ್ಲಿ ಒಂದು ಪಾಲು ತಪ್ಪೇ ಅಲ್ಲ, ಅದು ಆಡುನುಡಿ. ಆ ಪಾಲನ್ನು ಬೇರ್ಪಡಿಸುವ ಕೆಲಸ ಭಾಷೆ ಓದಿದವರದು.

2007ರ ‘ತಾರೇ ಜಮೀನ್ ಪರ್’ ಸಿನಿಮಾದಿಂದ ಡಿಸ್ಲೆಕ್ಸಿಯಾ ಅನ್ನುವ ಪದ ಮನೆಮನೆಗೆ ಬಂತು. ಜೊತೆಗೆ ಅಕ್ಷರಗಳು ಕುಣಿಯುತ್ತವೆ, ತಿರುಗುಮುರುಗಾಗುತ್ತವೆ ಅನ್ನುವ ಕಲ್ಪನೆಯೂ ಬಂತು. ಆದರೆ ಇದು ಕಣ್ಣಿನ ದೋಷವಲ್ಲ, ಬುದ್ಧಿ ಕಡಿಮೆ ಅಂತಲೂ ಅಲ್ಲ. ಮಾತಿನ ಧ್ವನಿಗಳನ್ನು ಬಿಡಿಸಿ, ಅವಕ್ಕೆ ಲಿಪಿಯ ಗುರುತು ಕೂಡಿಸುವ ಕಡೆ ಮಗು ತಡವರಿಸುತ್ತದೆ. ಇಂಗ್ಲಿಷಿನಲ್ಲಿ ಬರಹಕ್ಕೂ ಉಚ್ಚಾರಕ್ಕೂ ತಾಳೆ ಕಡಿಮೆ, ಹಾಗಾಗಿ ಮಗು ಪದವನ್ನೇ ತಪ್ಪು ಓದುತ್ತದೆ. ಬರೆದಂತೆ ಓದುವ ಜರ್ಮನ್‌ನಂಥ ಭಾಷೆಗಳಲ್ಲಿ ಇಂಥ ಮಕ್ಕಳು ಬಹುಪಾಲು ಸರಿಯಾಗಿಯೇ ಓದುತ್ತಾರೆ, ಆದರೆ ತುಂಬಾ ನಿಧಾನವಾಗಿ.

ಕನ್ನಡವೂ ಬರೆದಂತೆ ಓದುವ ಭಾಷೆ ಅಂತೀವಲ್ಲ, ಅದು ಅರ್ಧ ಸತ್ಯ. 34 ವ್ಯಂಜನ, 13 ಸ್ವರ ಅಂತ ಹಿಡಿದರೆ ಗುಣಿತಾಕ್ಷರಗಳೇ 442. ಅದರ ಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಅಕ್ಷರಕಲಿಕೆ ನಾಲ್ಕನೆಯ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ ಅಂತ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಸಾಮಾನ್ಯ ಮಗುವಿಗೇ ಇಷ್ಟು ಕಾಲ ಬೇಕು. ಗುರುತುಗಳ ಕ್ರಮವೂ ಧ್ವನಿಯ ಕ್ರಮವೂ ಎಲ್ಲ ಕಡೆ ಒಂದೇ ಅಲ್ಲ. ‘ಅರ್ಜಿ’ಯಲ್ಲಿ ರಕಾರ ಕೇಳಿಸುವುದು ಮೊದಲು, ಅರ್ಕಾವತ್ತು ಕಾಣಿಸುವುದು ಕೊನೆಗೆ. ‘ಹಲ್ಲಿ’ಯಲ್ಲಿ ಇಕಾರ ಮೇಲಿನ ಲಕಾರಕ್ಕೆ ಅಂಟಿಕೊಂಡಿದೆ, ಆದರೆ ಉಚ್ಚರಿಸುವುದು ಕೆಳಗಿನ ಒತ್ತು ಮುಗಿದ ಮೇಲೆ. ಕಂಡ ಕ್ರಮದಲ್ಲೇ ಓದುವ ಮಗು ‘ಹಲಿಲ’ ಅಂದರೆ ಅದರಲ್ಲಿ ಒಂದು ತರ್ಕ ಇದೆ.

ನಮ್ಮ ಕಡೆ ಇದಕ್ಕೆ ಮರಾಠಿಯೂ ಸೇರುತ್ತದೆ. ದೇವನಾಗರಿಯಲ್ಲಿ ಹ್ರಸ್ವ ಇಕಾರದ ಗುರುತು ವ್ಯಂಜನಕ್ಕಿಂತ ಮುಂಚೆ ಕೂಡುತ್ತದೆ, ರಕಾರದ ಒತ್ತು ಮುಂದಿನ ಅಕ್ಷರದ ತಲೆ ಮೇಲೆ ಏರುತ್ತದೆ. 2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಹೀಗಾಗಿ ಕನ್ನಡ ಮಾಧ್ಯಮದ ಮಗು ಎಳೆಯ ವಯಸ್ಸಿನಲ್ಲೇ ಕನ್ನಡ, ದೇವನಾಗರಿ, ರೋಮನ್ ಅಂತ ಮೂರು ಲಿಪಿ ಹೊರಬೇಕು. ಮನೆಯಲ್ಲೇ ಕಲಿಸುವವರಿಗೆ ಇರುವ ದೊಡ್ಡ ಅನುಕೂಲ, ನನ್ನ ಲೆಕ್ಕದಲ್ಲಿ, ಇದೇ: ಒಂದು ಲಿಪಿ ಗಟ್ಟಿಯಾಗುವ ತನಕ ಇನ್ನೊಂದನ್ನು ಕಾಯಿಸಬಹುದು. ಮನೆಯಲ್ಲಿ ಕನ್ನಡ ಕಲಿಯುವುದು ಸೊಲ್ಲಾಪುರಕ್ಕೆ ಹೊಸದೂ ಅಲ್ಲ. ಮರಾಠಿ ಶಾಲೆಯಲ್ಲಿ ಓದಿದ ಜಯದೇವಿತಾಯಿ ಲಿಗಾಡೆ ಸ್ವಂತ ಶ್ರಮದಿಂದ ಕನ್ನಡ ಕಲಿತು, ತ್ರಿಪದಿಯಲ್ಲಿ ಸಿದ್ಧರಾಮ ಪುರಾಣ ಬರೆದು, 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. (ಅವರಿಗೆ ಓದಿನ ತೊಡಕಿತ್ತು ಅಂತ ನಾನು ಹೇಳುತ್ತಿಲ್ಲ. ಮನೆ ಏನು ಮಾಡಬಲ್ಲದು ಅನ್ನುವುದಕ್ಕಷ್ಟೇ ಈ ಮಾತು.)

ಈಗ ಮುಖ್ಯ ವಿಷಯ. ಅಕ್ಕಲಕೋಟೆ ತಾಲೂಕಿನ ಹತ್ತು ವರ್ಷದ ಹುಡುಗಿ ಅಂತ ಇಟ್ಕೊಳ್ಳೋಣ. ಪುಸ್ತಕದಲ್ಲಿ ‘ಅವನು ಮನೆಗೆ ಹೋಗುತ್ತಾನೆ’ ಅಂತ ಇದೆ. ಹುಡುಗಿ ‘ಅಂವ ಮನಿಗಿ ಹೋಗತಾನ’ ಅಂತ ಓದುತ್ತಾಳೆ. ಕೇಳುವವರು ಮೂರು ಪದಕ್ಕೂ ಕೆಂಪು ಗೆರೆ ಎಳೆಯುತ್ತಾರೆ. ಆದರೆ ಆಕೆ ವಾಕ್ಯವನ್ನು ಗ್ರಹಿಸಿ, ತನ್ನ ಮಾತಿಗೆ ತಿರುಗಿಸಿ ಹೇಳಿದ್ದಾಳೆ! ಓದಿನ ಉದ್ದೇಶ ಅರ್ಧಕ್ಕಿಂತ ಹೆಚ್ಚು ಈಡೇರಿದೆ. ಅದೇ ಹುಡುಗಿ ‘ಕತ್ತರಿ’ಯನ್ನು ‘ಕತರಿ’ ಅಂದರೆ ಅದು ಒತ್ತಕ್ಷರದ ತೊಡಕು, ಅಲ್ಲಿ ಕೆಲಸ ಇದೆ. ಎರಡಕ್ಕೂ ಒಂದೇ ಗೆರೆ ಬಿದ್ದರೆ, ಎಲ್ಲಿ ಸರಿ ಎಲ್ಲಿ ತಪ್ಪು ಗೊತ್ತಾಗದೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ.

ಎರಡರ ನಡುವೆ ಗೊಂದಲದ ಜಾಗವೂ ಇದೆ. ‘ಮನೆ’ಯನ್ನು ‘ಮನಿ’ ಅಂದರೆ ಏನು ತಿಳಿಯಬೇಕು? ನೆ ಮತ್ತು ನಿ ನೋಡಲು ಹತ್ತಿರ, ಹಾಗಾಗಿ ಗುಣಿತದ ತೊಡಕಿರಬಹುದು. ಆದರೆ ನಮ್ಮ ಆಡುನುಡಿಯಲ್ಲಿ ಪದದ ಕೊನೆಯ ಎಕಾರ ಇಕಾರವಾಗುವುದು ನಿಯಮ: ಕೆರೆ ‘ಕೆರಿ’, ಕತ್ತೆ ‘ಕತ್ತಿ’. ಪದದ ಮೊದಲ ಎಕಾರಕ್ಕೆ ಹೀಗಾಗುವುದಿಲ್ಲ. ಆದ್ದರಿಂದ ‘ಕೆಲಸ’ ಕೊಟ್ಟು ನೋಡಬೇಕು. ‘ಕೆಲಸ’ ಅಂತಲೇ ಓದಿ, ಪದದ ಕೊನೆಯಲ್ಲಿ ಮಾತ್ರ ಇಕಾರ ಮಾಡಿದರೆ ಅದು ಊರಿನ ಕನ್ನಡ. ‘ಕಿಲಸ’ ಅಂದರೆ ಗುಣಿತಕ್ಕೆ ಮರಳಬೇಕು. ಭಾಷಾವಿಜ್ಞಾನದ ಪತ್ರಿಕೆಯಲ್ಲಿ ಉಪಭಾಷೆ ಓದಿ ಐದು ಅಂಕಕ್ಕೆ ಬರೆದು ಬಿಟ್ಟೆವಲ್ಲ, ಅದರ ಉಪಯೋಗ ಇಲ್ಲಿದೆ.

ಧೈರ್ಯ ಹೇಗೆ ಬರುತ್ತದೆ? ಒಂದೇ ಭಾಗವನ್ನು ಮತ್ತೆ ಮತ್ತೆ ಓದಿಸುವ ಕ್ರಮವನ್ನು ಎಸ್. ಜೇ ಸ್ಯಾಮುಯೆಲ್ಸ್ 1979ರಲ್ಲಿ ವಿವರಿಸಿದರು. ಮೊದಲು ದೊಡ್ಡವರು ಓದುವುದು, ಆಮೇಲೆ ಇಬ್ಬರೂ ಕೂಡಿ, ಕೊನೆಗೆ ಮಗು ಒಂದೇ. ನಲವತ್ತು ಮಕ್ಕಳ ತರಗತಿಯಲ್ಲಿ ಇದು ಕಷ್ಟ, ಅವ್ವನ ಪಕ್ಕ ಕೂತಾಗ ಸುಲಭ. ಪಠ್ಯ ಯಾವುದು ಅನ್ನುವುದಕ್ಕೆ ನನ್ನ ಸಲಹೆ ಸೊನ್ನಲಿಗೆಯ ಸಿದ್ಧರಾಮನ ಸಣ್ಣ ವಚನಗಳು. ಸಾಲು ಚಿಕ್ಕದು, ಉಸಿರಿಗೆ ಜಾಗ ಇದೆ. ಅಂಕಿತ ನೋಡಿ: ಕಪಿಲಸಿದ್ಧಮಲ್ಲಿಕಾರ್ಜುನ. ಇದೊಂದರಲ್ಲೇ ವಿಜಾತೀಯ ಒತ್ತು ದ್ಧ, ಸಜಾತೀಯ ಒತ್ತು ಲ್ಲಿ, ಅರ್ಕಾವತ್ತು ರ್ಜು ಮೂರೂ ಇವೆ. ಸೊಲ್ಲಾಪುರದ ಮಗುವಿನ ಕಿವಿಗೆ ಈ ಹೆಸರು ಹೊಸದಲ್ಲ. ಗೊತ್ತಿರುವ ಧ್ವನಿಯಿಂದ ಗೊತ್ತಿಲ್ಲದ ಗುರುತಿಗೆ ಹೋಗಬಹುದು.

‘ಅದು ಬಾಯಿಪಾಠ, ಓದಲ್ಲ’ ಅನ್ನುವ ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಹಾಗಾಗಿ ಅಂಕಿತದಲ್ಲಿ ಕಂಡ ಒತ್ತನ್ನು ಮಲ್ಲಿಗೆ, ಗಲ್ಲಿ, ಅರ್ಜಿ, ಗರ್ಜನೆಗಳಲ್ಲಿ ಹುಡುಕಿಸಬೇಕು. ಅಲ್ಲಿ ಗುರುತಿಸಿದರೆ ಅದು ಓದು. ಇನ್ನೊಂದು ಮಾತು: ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಅಕ್ಷತೆಗೆ ಮುಂಚೆ ಸಮ್ಮತಿ ವಾಚನ ಆಗುತ್ತದೆ. ಪ್ರತಿ ವರ್ಷ ಕೇಳಿದ್ದನ್ನೇ ಜನ ಮತ್ತೆ ಕೇಳುತ್ತಾರೆ. ಗಟ್ಟಿ ಓದು ಅಂದರೆ ಪರೀಕ್ಷೆ ಅನ್ನುವುದು ಶಾಲೆಯ ರೂಢಿ, ಊರಿನದಲ್ಲ.

ಕಾನೂನಿನ ಬಗ್ಗೆ ಚಿಕ್ಕದಾಗಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿದೆ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಮನೆಯಾಧಾರಿತ ಶಿಕ್ಷಣದ ಆಯ್ಕೆ ಕೊಟ್ಟದ್ದು ತೀವ್ರ ಮತ್ತು ಬಹುವಿಧ ಅಂಗವೈಕಲ್ಯದ ಮಕ್ಕಳಿಗೆ. ಡಿಸ್ಲೆಕ್ಸಿಯಾ ಒಂದೇ ಇದ್ದರೆ ಮನೆಪಾಠ ಪಾಲಕರ ಸ್ವಂತ ನಿರ್ಧಾರ. ತಪಾಸಣೆಗೆ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ ಇದೆ. ಅದು ಬಂದದ್ದು ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷ್‌ನಲ್ಲಿ, ಅಂದರೆ ನಮ್ಮ ಎರಡೂ ಭಾಷೆಗಳಲ್ಲಿ. ಮನೆಯಲ್ಲಿ ಕನ್ನಡ ಆಡುವ ಮಗುವನ್ನು ಮರಾಠಿಯಲ್ಲಷ್ಟೇ ತಪಾಸಿಸಿದರೆ ಭಾಷೆ ಬಾರದಿರುವುದು ಯಾವುದು, ಓದಿನ ತೊಡಕು ಯಾವುದು ತಿಳಿಯುವುದಿಲ್ಲ. ಪಾಲಕರು ಕನ್ನಡದ್ದನ್ನೂ ಕೇಳಿ ಪಡೆಯಬೇಕು, ಮತ್ತು ‘ಮನಿ’ ಅಂದದ್ದಕ್ಕೆ ಅಂಕ ಕಳೆಯಬೇಡಿ ಅಂತ ಹೇಳಲು ಈ ಭಾಗದ ಕನ್ನಡ ಬಲ್ಲ ಒಬ್ಬರು ಅಲ್ಲಿ ಇರಬೇಕು.