ನೆಂಟಸ್ತಿಕೆ ಮೊದಲು, ಕೆಲಸ ಆಮೇಲೆ

ಪಶ್ಚಿಮ ಆಫ್ರಿಕದ ಸೆನೆಗಲ್‌ನಲ್ಲಿ, ವೋಲೊಫ್ ಭಾಷೆಯಲ್ಲಿ ‘ಹೇಗಿದ್ದೀರಿ’ ಎಂದು ಕೇಳಿದರೆ ಬರುವ ಉತ್ತರ ‘ಮಾಂಗಿ ಫಿ’. ಇಲ್ಲಿದ್ದೇನೆ ಎಂದರ್ಥ. ಮನೆಯವರೆಲ್ಲ ಹೇಗಿದ್ದಾರೆ ಎಂದರೆ ‘ನುಂಗ ಫಾ’, ಅಲ್ಲಿದ್ದಾರೆ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ‘ಅದೀವಿ ನೋಡ್ರಿ’ ಎನ್ನುತ್ತಾರಲ್ಲ, ಹಾಗೆಯೇ. ಮನೆ, ಮಕ್ಕಳು, ಆರೋಗ್ಯ ಎಲ್ಲವನ್ನೂ ವಿಚಾರಿಸಿ ಮುಗಿಯುವ ತನಕ ಅಲ್ಲಿ ಬೇರೆ ಮಾತು ಶುರುವಾಗುವುದಿಲ್ಲ. ಅಮೆರಿಕದ ಪೀಸ್ ಕೋರ್‌ನಿಂದ ಬರುವ ಸ್ವಯಂಸೇವಕಿ ತಾನು ಎರಡು ವರ್ಷ ಬದುಕಬೇಕಾದ ಹಳ್ಳಿಗೆ ಮೊದಲ ಸಲ ಕಾಲಿಡುವಾಗ ಅವಳ ಬಂಡವಾಳ ಹೆಚ್ಚುಕಡಿಮೆ ಈ ನಾಲ್ಕಾರು ಮಾತು.

1960ರ ಅಕ್ಟೋಬರ್ 14ರಂದು, ಅಪರಾತ್ರಿ ಎರಡು ಗಂಟೆಗೆ, ಜಾನ್ ಕೆನಡಿ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕೇಳಿದರು: ನಿಮ್ಮಲ್ಲಿ ಎಷ್ಟು ಜನ ಘಾನಾಕ್ಕೆ ಹೋಗಿ ದುಡಿಯಲು ತಯಾರಿದ್ದೀರಿ? ಅಧ್ಯಕ್ಷರಾದ ಮೇಲೆ, 1961ರ ಮಾರ್ಚ್ 1ರಂದು, ಆದೇಶಕ್ಕೆ ಸಹಿ ಹಾಕಿ ಪೀಸ್ ಕೋರ್ ಹುಟ್ಟುಹಾಕಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಮೊದಲ ತಂಡ ಘಾನಾದಲ್ಲಿ ಇಳಿಯಿತು. ಅಂದಿನಿಂದ 140ಕ್ಕೂ ಹೆಚ್ಚು ದೇಶಗಳಲ್ಲಿ 2.4 ಲಕ್ಷಕ್ಕೂ ಹೆಚ್ಚು ಮಂದಿ ಕೆಲಸ ಮಾಡಿದ್ದಾರೆ. ಅವಧಿ 27 ತಿಂಗಳು. ಸಂಬಳವಿಲ್ಲ, ಊರಿನವರ ಮಟ್ಟದಲ್ಲಿ ಬದುಕಲು ಸಾಲುವಷ್ಟು ಭತ್ಯೆ. ಭಾರತದಲ್ಲೂ 1961ರಿಂದ 1976ರವರೆಗೆ ಇವರಿದ್ದರು, ಆಗಿನ ಮೈಸೂರು ರಾಜ್ಯದಲ್ಲೂ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ 68ನೇ ವಯಸ್ಸಿನಲ್ಲಿ ನರ್ಸಾಗಿ ಬಂದು ಮುಂಬೈನ ವಿಕ್ರೋಲಿಯಲ್ಲಿ ದುಡಿದವರು.

ಈ ಸಂಸ್ಥೆಯ ಬಗ್ಗೆ ಬರೆಯುವವರು ಕಟ್ಟಿದ ಶಾಲೆ, ತೋಡಿದ ಬಾವಿಗಳ ಲೆಕ್ಕ ಕೊಡುತ್ತಾರೆ. ನನ್ನ ಮನಸ್ಸು ನಿಲ್ಲುವುದು ಅದಕ್ಕೂ ಮೊದಲಿನ ಒಂದು ಸಣ್ಣ ಪದ್ಧತಿಯ ಹತ್ತಿರ. ಅವರ ಬಾಯಲ್ಲಿ ಅದು ‘ಸೈಟ್ ವಿಸಿಟ್’. ಸೆನೆಗಲ್‌ನಲ್ಲಾದರೆ, ರಾಜಧಾನಿ ಡಕಾರ್‌ನಿಂದ ಸುಮಾರು 70 ಕಿಲೋಮೀಟರ್ ದೂರದ ಥಿಯೆಸ್ ಪಟ್ಟಣದ ಕೇಂದ್ರದಲ್ಲಿ ತರಬೇತಿ ನಡೆದಿರುವಾಗಲೇ, ಕೆಲವು ದಿನಗಳ ಮಟ್ಟಿಗೆ, ಮುಂದೆ ಇರಬೇಕಾದ ಹಳ್ಳಿಗೆ ಹೋಗಿಬರುವುದು.

ಪ್ರಯಾಣ ‘ಸೆತ್‌ಪ್ಲಾಸ್’ನಲ್ಲಿ. ಏಳು ಸೀಟಿನ ಹಳೆಯ ಪೆಜೊ ಕಾರು ಅದು; ಏಳೂ ಸೀಟು ತುಂಬದೆ ಸ್ಟ್ಯಾಂಡು ಬಿಡುವುದಿಲ್ಲ. ಟಾರು ರಸ್ತೆ ಮುಗಿದ ಮೇಲೆ ಕುದುರೆಗಾಡಿ. ಎರಡೂ ಕಡೆ ಶೇಂಗಾ, ಸಜ್ಜೆಯ ಹೊಲ, ನಡುನಡುವೆ ದಪ್ಪ ಬುಡದ ಬವೊಬಾಬ್. ಊರು ಹತ್ತಿರವಾದಂತೆ ‘ತೂಬಾಬ್, ತೂಬಾಬ್’ ಎಂದು ಕೂಗುತ್ತ ಮಕ್ಕಳು ಓಡಿಬರುತ್ತಾರೆ. ಬಿಳಿಯರು ಎಂಬ ಅರ್ಥದ ಮಾತು. ಆ ಹೆಸರು ಅಳಿಸಿ ಬೇರೆ ಹೆಸರು ಪಡೆಯುವುದೇ ಈ ಭೇಟಿಯ ಮೊದಲ ಕೆಲಸ.

ಊರಿನ ಮುಖ್ಯಸ್ಥರಿಗೆ ಕೋಲಾ ಕಾಯಿ ಕೊಟ್ಟು ನಮಸ್ಕರಿಸಬೇಕು, ನಾವು ಎಲೆ ಅಡಿಕೆ ಹಿಡಿದು ಹಿರಿಯರ ಮನೆಗೆ ಹೋದ ಹಾಗೆ. ಆಶ್ರಯ ಕೊಟ್ಟ ಮನೆಯವರು ತಮ್ಮ ಮನೆತನದ ಹೆಸರನ್ನೇ ಅವಳಿಗೂ ಇಡುತ್ತಾರೆ. ಅಂದಿನಿಂದ ಅವಳು ಜೋಪ್ ಮನೆತನದವಳು ಎನ್ನೋಣ. ಆಗ ಎದುರು ಸಿಕ್ಕ ನ್ಜಾಯ್ ಮನೆತನದ ಅಜ್ಜಿ ‘ನೀವು ಜೋಪ್‌ಗಳು, ಬರೀ ಅನ್ನ ಮುಕ್ಕುವವರು’ ಎಂದು ಕೆಣಕಿಯೇ ಕೆಣಕುತ್ತಾಳೆ. ಈ ಎರಡು ಮನೆತನಗಳ ನಡುವೆ ತಲೆತಲಾಂತರದಿಂದ ಬಂದ ಚೇಷ್ಟೆಯ ನಂಟು ಅದು, ನಮ್ಮಲ್ಲಿ ಬೀಗರ ನಡುವೆ ಇರುವಂಥದ್ದು. ತಿರುಗಿ ಅವಳೂ ಅಜ್ಜಿಯನ್ನು ಕೆಣಕಬೇಕು. ತಪ್ಪುತಪ್ಪು ವೋಲೊಫ್‌ನಲ್ಲಾದರೂ ಸರಿ, ಆ ಒಂದು ಮಾತಿಗೆ ಅಂಗಳವೆಲ್ಲ ನಗುತ್ತದೆ.

ಊಟದ ಹೊತ್ತಿಗೆ ಚಾಪೆಯ ಮೇಲೆ ಒಂದೇ ದೊಡ್ಡ ಬೋಗುಣಿ ಬರುತ್ತದೆ. ಸುತ್ತ ಐದಾರು ಮಂದಿ ಮಂಡಿ ಮಡಚಿ ಕೂರುತ್ತಾರೆ, ಬಲಗೈ ಮಾತ್ರ ಬೋಗುಣಿಗೆ. ಮಧ್ಯಾಹ್ನ ಮೀನು, ತರಕಾರಿ ಹಾಕಿದ ಕೆಂಪನ್ನ, ‘ಚೆಬುಜೆನ್’. ತನ್ನ ಮುಂದಿನ ಪಾಲನ್ನಷ್ಟೇ ಉಣ್ಣಬೇಕು, ಪಕ್ಕದವರ ಕಡೆ ಕೈ ಹೋಗಬಾರದು. ನಡುವಿನಲ್ಲಿರುವ ಮೀನು, ಗಡ್ಡೆಗಳನ್ನು ಮನೆಯಾಕೆ ಬೆರಳಿನಿಂದ ಮುರಿದು, ಮುಳ್ಳು ಬಿಡಿಸಿ, ಒಬ್ಬೊಬ್ಬರ ಮುಂದಕ್ಕೂ ತಳ್ಳುತ್ತಾಳೆ. ಅತಿಥಿಯ ಮುಂದೆ ರಾಶಿಯೇ ಬೀಳುತ್ತದೆ. ಸಾಕು ಎಂದು ಕೈ ತೆಗೆದರೆ ‘ಲೆಕ್ಕಲ್’, ಉಣ್ಣು, ಎಂಬ ಒತ್ತಾಯ. ರಾತ್ರಿಗೆ ಸಜ್ಜೆ ಹಿಟ್ಟನ್ನು ಸಣ್ಣ ಕಾಳಾಗಿ ಉದುರಿಸಿ ಹಬೆಯಲ್ಲಿ ಬೇಯಿಸಿದ ‘ಚೆರೆ’, ಜೊತೆಗೆ ನುಗ್ಗೆ ಸೊಪ್ಪು, ಶೇಂಗಾ ಕೂಡಿಸಿದ ಸಾರು. ಸಜ್ಜೆ ರೊಟ್ಟಿಯ ಸೀಮೆಯವರಿಗೆ ಈ ರುಚಿ ಹೊಸದೆನಿಸಲಾರದು. ಆಮೇಲೆ ಬೇವಿನ ಮರದ ಕೆಳಗೆ ಇದ್ದಿಲ ಮೇಲೆ ‘ಅತಾಯ’ ಚಹಾ ಕುದಿಯುತ್ತದೆ. ಪುಟ್ಟ ಲೋಟಗಳಲ್ಲಿ ಮೂರು ಸುತ್ತು, ಸುತ್ತಿನಿಂದ ಸುತ್ತಿಗೆ ಸಿಹಿ ಏರುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ಯಾರೂ ಅವಸರಿಸುವುದಿಲ್ಲ. ಆ ಬೇವು ನಮ್ಮ ಕಡೆಯಿಂದಲೇ ಆಫ್ರಿಕಕ್ಕೆ ಹೋದ ಮರ.

ಇಷ್ಟರಲ್ಲೇ ಭೇಟಿ ಮುಗಿಯುತ್ತದೆ. ಅವಳು ಯಾರಿಗೂ ಏನನ್ನೂ ಕಲಿಸಿರುವುದಿಲ್ಲ. ಉಂಡಿದ್ದಾಳೆ, ಹೆಸರು ಪಡೆದಿದ್ದಾಳೆ, ತನ್ನ ಪಾಲಿಗೆ ಬರುವ ಗುಡಿಸಲು, ಅದರ ಹಿಂದಿನ ಬಚ್ಚಲು ನೋಡಿದ್ದಾಳೆ. ಕೊಡಲು ಬಂದವರು ಮೊದಲು ಪಡೆಯುವುದನ್ನು ಕಲಿಯಬೇಕು ಎಂಬ ಈ ಕ್ರಮ ನನಗೆ ತುಂಬಾ ಸರಿ ಎನಿಸುತ್ತದೆ. ಮೊದಲ ನೋಟ ಮುಗ್ಗರಿಸಿದರೆ ಏನಾಗುತ್ತದೆ ಎಂಬುದನ್ನು ಸಂಸ್ಥೆ ಹುಟ್ಟಿದ ವರ್ಷವೇ ಕಂಡಿದೆ. 1961ರ ಅಕ್ಟೋಬರ್‌ನಲ್ಲಿ ನೈಜೀರಿಯದ ಇಬಾದಾನ್‌ನಲ್ಲಿ ತರಬೇತಿಗಿದ್ದ ಒಬ್ಬಾಕೆ ಅಲ್ಲಿನ ಕೊಳಕು, ಬಡತನದ ಬಗ್ಗೆ ಗೆಳೆಯನಿಗೊಂದು ಪೋಸ್ಟ್‌ಕಾರ್ಡ್ ಬರೆದಳು. ಕಾರ್ಡು ದಾರಿಯಲ್ಲಿ ಬಿದ್ದು ಅಲ್ಲಿನ ವಿದ್ಯಾರ್ಥಿಗಳ ಕೈಗೆ ಸಿಕ್ಕಿತು. ಪ್ರತಿಭಟನೆ ಎದ್ದಿತು, ಆಕೆ ಊರಿಗೆ ಮರಳಬೇಕಾಯಿತು. ಅವಳ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಆದರೆ ಕಣ್ಣಿಗೆ ಬಿದ್ದದ್ದನ್ನು ಬರೆಯುವ ಮೊದಲು ಆ ಊರಿನ ಬೋಗುಣಿಗೆ ಕೈ ಹಾಕಿ ಉಂಡಿರಲಿಲ್ಲ ಎಂದೇ ನನ್ನ ಭಾವನೆ.

ಥಿಯೆಸ್‌ಗೆ ಮರಳಿ, ತರಬೇತಿ ಮುಗಿಸಿ, ಪ್ರಮಾಣ ಸ್ವೀಕರಿಸಿ ಅವಳು ಅದೇ ಹಳ್ಳಿಗೆ ಬರುತ್ತಾಳೆ. ಎರಡು ವರ್ಷ ಕಳೆದು ಕೊನೆಗೆ ಹೊರಟು ನಿಂತಾಗ ಊರಿನವರು ಅವಳ ಕೈ ಕುಲುಕುವುದು ಎಡಗೈಯಿಂದ. ಎಡಗೈ ಕೊಡುವುದು ಅಲ್ಲೂ ತಪ್ಪು. ಆ ತಪ್ಪನ್ನು ಸರಿಪಡಿಸಲು ಮತ್ತೊಮ್ಮೆ ಬರಲೇಬೇಕು ಎಂದು ಅದರ ಅರ್ಥ.